ನೇರಳೆ ಮರಕ್ಕೆ ಹೊಂಗೆಯ ಬೋರ್ಡು

"ಬುದ್ಧಿ, ಮಠಕ್ಕೆ ಬಂದಂದಿನಿಂದ ನಾನು ತಮ್ಮ ಮಾತನ್ನು ಒಂದು ಸಲವೂ ಮೀರಿಲ್ಲ. ಆದರೂ ತಾವು ನನ್ನನ್ನು ಒಂದು ದಿನವೂ ಮೆಚ್ಚಿಕೊಂಡವರಲ್ಲ. ನನ್ನಲ್ಲಿ ಏನು ಕೊರತೆ?"

ಹೀಗೆ ಕೇಳಿದವನು ಪುಟ್ಟಬಸವನೆಂಬ ಶಿಷ್ಯ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. "ಕೊರತೆಯ ಮಾತು ಆಮೇಲೆ. ಮೊದಲು ಒಂದು ಕತೆ ಕೇಳು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು. ಆ ಮಗು ಕಂಡದ್ದನ್ನೆಲ್ಲ ಮುಟ್ಟುತ್ತಿತ್ತು, ಮೂಸುತ್ತಿತ್ತು, ಇದೇಕೆ ಅದೇಕೆ ಎಂದು ತಲೆ ತಿನ್ನುತ್ತಿತ್ತು. ಶಾಲೆಗೆ ಸೇರಿದ ಮೇಲೆ ಕೇಳುವುದನ್ನೇ ಬಿಟ್ಟಿತು. ತಾಯಿ ಏನಾದರೂ ತೋರಿಸಿದರೆ, "ಅದನ್ನ ಮಿಸ್ ಇನ್ನೂ ಹೇಳ್ಕೊಟ್ಟಿಲ್ಲ," ಎನ್ನುತ್ತಿತ್ತು. ತಾಯಿಗೆ ಸಂಕಟವಾಯಿತು. ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದಳು. ಊರಿನಲ್ಲಿ ಹಾಗೆ ಮಾಡುವ ತಾಯಂದಿರು ಇನ್ನೂ ಕೆಲವರಿದ್ದರು. ಅವರೆಲ್ಲ ಜೊತೆಯಾಗಿ ಆಗಾಗ ಮಕ್ಕಳನ್ನು ಹತ್ತಿರದ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಗಿಡಮರ, ಹುಳಹುಪ್ಪಟೆ, ಹಕ್ಕಿಪಕ್ಕಿ, ಎಲ್ಲದರ ಪಾಠವೂ ಅಲ್ಲೇ.

ಮನೆಯಲ್ಲಿ ಅವಳ ಮಾವ ಇದ್ದರು, ನಿವೃತ್ತ ಹೆಡ್‌ಮಾಸ್ತರು. ಕೆಟ್ಟವರಲ್ಲ. ಮೊಮ್ಮಗಳೆಂದರೆ ಪ್ರಾಣ. ಆದರೆ ಜೀವಮಾನವನ್ನೆಲ್ಲ ಶಾಲೆಯಲ್ಲಿ ಕಳೆದವರಿಗೆ ತಮ್ಮ ಮನೆಯ ಮಗುವೇ ಶಾಲೆ ಬಿಟ್ಟದ್ದು ನುಂಗಲಾರದ ತುತ್ತಾಯಿತು. "ತಾಯೇ ಮೊದಲ ಗುರು ಅಂತಾರೆ, ನಿಜ. ಅವಳೇ ಕಡೇ ಗುರುವೂ ಅಂತ ಯಾರೂ ಹೇಳಿಲ್ಲ ಕಣಮ್ಮ," ಎಂದು ಸೊಸೆಯನ್ನು ಕೆಣಕುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟರು. "ಈ ಸಲ ನಾನೂ ಪಾರ್ಕಿಗೆ ಬರ್ತೀನಿ. ಮಗು ಏನು ಕಲ್ತಿದೆ ನೋಡ್ತೀನಿ. ಏನೂ ಇಲ್ಲ ಅಂದ್ರೆ, ಶಾಲೆ ಶುರುವಾದ ದಿನ ನಾನೇ ಕೈ ಹಿಡ್ಕೊಂಡು ಹೋಗಿ ಸೇರಿಸ್ತೀನಿ." ಗಂಡನೂ ಅಪ್ಪನ ಮಾತಿಗೆ ತಲೆಯಾಡಿಸಿದ. ತಾಯಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ.

ಆ ಪಾರ್ಕಿನ ಮರಗಳಿಗೆ ಹೆಸರಿನ ಬೋರ್ಡು ಕಟ್ಟಿದ್ದರು. ಇತ್ತೀಚೆಗೆ ಅವನ್ನೆಲ್ಲ ಬಿಚ್ಚಿ ಹೊಸ ಬಣ್ಣ ಬಳಿದಿದ್ದರು. ಮತ್ತೆ ಕಟ್ಟುವಾಗ ಕೆಲವು ಅದಲುಬದಲಾಗಿದ್ದವು. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತಪ್ಪು ಬೋರ್ಡಿನಲ್ಲೂ ಅಕ್ಷರ ದುಂಡಗೇ ಇರುತ್ತದಲ್ಲವೇ, ಪುಟ್ಟಬಸವ?

ತಾಯಂದಿರು, ಮಕ್ಕಳು, ಹೆಡ್‌ಮಾಸ್ತರು, ಎಲ್ಲರೂ ಪಾರ್ಕಿಗೆ ಬಂದರು. ಮಗು ಮುಂದೆ ಓಡಿ ಒಂದು ಮರವನ್ನು ತಬ್ಬಿಕೊಂಡಿತು. "ತಾತಾ, ಇದು ನೇರಳೆ ಮರ!" ಎಂದು ಕೂಗಿತು.

ಮಾವ ಕನ್ನಡಕ ಸರಿ ಮಾಡಿಕೊಂಡು ಬೋರ್ಡು ಓದಿದರು. ಅದರಲ್ಲಿ ಹೊಂಗೆ ಎಂದು ಬರೆದಿತ್ತು. ಸೊಸೆಯ ಕಡೆ ತಿರುಗಿ ನೋಡಿದರು, ಅಷ್ಟೆ.

ತಾಯಿ ಮಗುವಿನ ಪಕ್ಕಕ್ಕೆ ಬಂದಳು. "ಪುಟ್ಟೀ, ಸರಿಯಾಗಿ ನೋಡು. ಬೋರ್ಡಲ್ಲಿ ಏನು ಬರ್ದಿದೆ?"

"ಹೊಂಗೆ ಅಂತಿದೆ. ಆದ್ರೆ ಇದು ನೇರಳೇನೇ ಅಮ್ಮ. ಹೋದ ವರ್ಷ ಇಲ್ಲೇ ಹಣ್ಣು ಆರಿಸ್ಕೊಂಡು ತಿಂದ್ವಲ್ಲ, ನನ್ನ ಫ್ರಾಕೆಲ್ಲ ಕಲೆ ಆಯ್ತಲ್ಲ?"

ತಾಯಿಗೆ ನೆನಪಿತ್ತು. ಆ ಕಲೆಯನ್ನು ಉಜ್ಜಿ ತೊಳೆದವಳು ಅವಳೇ. ಆದರೆ ಈಗ ಮರದಲ್ಲಿ ಹಣ್ಣಿರಲಿಲ್ಲ. ಪಕ್ಕದಲ್ಲಿ ಮಾವ ನಿಂತಿದ್ದರು. ಮಗು ಕೈತಪ್ಪಿ ಹೋಗುತ್ತದೆ ಎಂಬ ಭಯದಲ್ಲಿ ಅವಳಿಗೆ ಬೇರೇನೂ ಹೊಳೆಯಲಿಲ್ಲ.

"ವಾದ ಮಾಡ್ಬೇಡ. ಬೋರ್ಡಲ್ಲಿ ಇರೋದನ್ನ ಹೇಳು," ಎಂದಳು.

ಮಗು ಮರವನ್ನು ನೋಡಿತು. ತಾಯಿಯನ್ನು ನೋಡಿತು. "ಹೊಂಗೆ," ಎಂದಿತು.

ಮುಂದಿನ ಮರದ ಹತ್ತಿರ ಮಗು ಓಡಲಿಲ್ಲ. ಯಾವ ಮರವನ್ನೂ ಮುಟ್ಟಲಿಲ್ಲ. ತಾತ ಬೆರಳು ಮಾಡಿ ಕೇಳಿದಾಗಲೆಲ್ಲ ಅದು ತಾಯಿಯ ಮುಖ ನೋಡುತ್ತಿತ್ತು. ತಾಯಿ ತುಟಿ ಅಲ್ಲಾಡಿಸುತ್ತಿದ್ದಳು. ಮಗು ಹೆಸರು ಹೇಳುತ್ತಿತ್ತು. ಬೋರ್ಡಿಗೂ ಮಗುವಿನ ಮಾತಿಗೂ ಎಲ್ಲಿಯೂ ವ್ಯತ್ಯಾಸ ಬರಲಿಲ್ಲ.

ಹೆಡ್‌ಮಾಸ್ತರಿಗೆ ಸಂತೋಷವಾಯಿತು. "ಪರವಾಗಿಲ್ಲಮ್ಮ, ಚೆನ್ನಾಗೇ ಕಲಿಸಿದ್ದೀಯ. ಇನ್ನು ಶಾಲೆ ಮಾತು ಎತ್ತೋಲ್ಲ," ಎಂದರು. ಉಳಿದ ತಾಯಂದಿರು ಬಂದು ಅವಳ ಕೈ ಹಿಡಿದುಕೊಂಡರು. ಅವಳ ತಲೆಯ ಮೇಲಿನ ಭಾರ ಇಳಿಯಿತು.

ಎಲ್ಲರೂ ನೆರಳಿನಲ್ಲಿ ಕುಳಿತು ತಂದಿದ್ದ ಚಿತ್ರಾನ್ನ ಬಡಿಸಿಕೊಂಡರು. ಆಗ ಜೊತೆಯ ಹುಡುಗಿಯೊಬ್ಬಳು ಮುಷ್ಟಿಯಲ್ಲಿ ಏನನ್ನೋ ಹಿಡಿದು ಓಡಿಬಂದಳು. ಮಗುವಿನ ಮುಂದೆ ಮುಷ್ಟಿ ಬಿಚ್ಚಿ, "ಇದೇನು ಹೇಳೇ?" ಎಂದಳು. ಹಸಿರು ರೆಕ್ಕೆಯ ಒಂದು ಹುಳ ಅಂಗೈ ಮೇಲೆ ಹರಿದಾಡುತ್ತಿತ್ತು.

ಮಗು ಅಂಗೈಯ ಕಡೆ ನೋಡಲೇ ಇಲ್ಲ. ತಿರುಗಿ ತಾಯಿಯ ಮುಖ ನೋಡಿತು.

ತಾಯಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಯಾವುದಕ್ಕೆ ಹೆದರಿ ಮಗುವನ್ನು ಶಾಲೆ ಬಿಡಿಸಿದ್ದಳೋ ಅದು ಅವಳ ಕಣ್ಣೆದುರಿಗೇ ಕುಳಿತಿತ್ತು. ಈ ಸಲ ಅದನ್ನು ಮಾಡಿದವಳು ಅವಳೇ. ಅವಳಿಗೆ ಅಳು ಬಂತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೆದ್ದದ್ದು ಗೆದ್ದ ಹಾಗೆಯೇ ಉಳಿಯುತ್ತಿತ್ತು.

ಅವಳು ಎದ್ದು ಕೈ ತೊಳೆದು ಮಾವನ ಮುಂದೆ ನಿಂತಳು.

"ಮಾವಾ, ಆ ಮರ ನೇರಳೇನೇ. ಬೋರ್ಡು ತಪ್ಪು. ಮಗು ಸರಿಯಾಗೇ ಹೇಳ್ತು. ನಿಮ್ಮೆದುರು ಸೋತುಬಿಡ್ತೀನಿ ಅಂತ ನಾನೇ ಅದರ ಬಾಯಲ್ಲಿ ಸುಳ್ಳು ಹೇಳಿಸ್ದೆ."

ಮಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, "ಹಾಗಾದ್ರೆ ನೀನು ಕಲಿಸೋದಕ್ಕೂ ಶಾಲೇಲಿ ಕಲಿಸೋದಕ್ಕೂ ಏನಮ್ಮ ವ್ಯತ್ಯಾಸ?" ಎಂದು ಕೇಳಿದರು.

"ಇವತ್ತು ಏನೂ ಇರ್ಲಿಲ್ಲ ಮಾವ," ಎಂದಳು ಅವಳು.

ಮಾವ ಮೊಮ್ಮಗಳನ್ನು ಕರೆದು, ಮೊದಲು ಕಂಡ ಮರದ ಬಳಿಗೆ ಕೈ ಹಿಡಿದು ಕರೆದೊಯ್ದರು. ತಾಯಿಯೂ ಹಿಂದೆ ಹೋದಳು. "ಇದು ಯಾವ ಮರ ಮಗು?" ಎಂದು ಕೇಳಿದರು. ಮಗು ತಾಯಿಯ ಮುಖಕ್ಕಾಗಿ ಹುಡುಕಿತು. ತಾಯಿ ಅದಕ್ಕೆ ಬೆನ್ನು ಮಾಡಿ ನಿಂತಳು. ಆ ಹೊತ್ತು ಅವಳಿಗೆ ಹೆರಿಗೆಗಿಂತ ಕಷ್ಟವಾಯಿತು.

ಮಗು ತುಂಬ ಹೊತ್ತು ನಿಂತಿತ್ತು. ಕೊನೆಗೆ ಮರದ ಹತ್ತಿರ ಹೋಗಿ ತೊಗಟೆಯ ಮೇಲೆ ಕೈಯಿಟ್ಟಿತು. ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಹಿಸುಕಿ ಮೂಸಿತು.

"ನೇರಳೆ," ಎಂದಿತು. "ಬೋರ್ಡು ಏನಾದ್ರೂ ಹೇಳ್ಲಿ. ಹಣ್ಣು ಬಿಟ್ಟಾಗ ಬನ್ನಿ ತಾತಾ, ತೋರಿಸ್ತೀನಿ."

ಹೆಡ್‌ಮಾಸ್ತರು ನಕ್ಕುಬಿಟ್ಟರು. "ಸರಿ, ಹಣ್ಣು ಬಿಡೋವರೆಗೂ ಕಾಯ್ತೀನಿ. ಅಲ್ಲೀವರೆಗೆ ಮಗು ಮನೇಲೇ ಇರ್ಲಿ," ಎಂದು ಸೊಸೆಗೆ ಹೇಳಿದರು.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

ಪುಟ್ಟಬಸವ ಕೂಡಲೇ ಕೈ ಮುಗಿದ. "ಆ ತಾಯಿ ನಿಜ ಒಪ್ಪಿಕೊಂಡದ್ದೇ ಸರಿ, ಬುದ್ಧಿ. ಎಂಥ ದೊಡ್ಡ ಮಾತು ಹೇಳಿದಿರಿ!" ಎಂದ.

ಗುರುಗಳು ಅವನ ಬೆನ್ನ ಮೇಲೆ ಮೆಲ್ಲನೆ ಕೈಯಿಟ್ಟು ಕೇಳಿದರು:

"ಇದು ನಿನಗೆ ಅನ್ನಿಸಿದ್ದೋ, ನನಗೆ ಹಿಡಿಸಲಿ ಎಂದು ಹೇಳಿದ್ದೋ?"