ಗಂಟೆ ಬಿಚ್ಚಿದ ಸೇತುವೆ

ಕರಿಹಳ್ಳದ ಸೇತುವೆಯ ತಡೆಗೋಡೆಗೆ ಒರಗಿ ನಿಂತರೆ, ಲಾರಿ ಬರುವುದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಒಂದು ಸಣ್ಣ ನಡುಕ. ಲಾರಿ ದಾಟಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಸರಕಾರದ ಫಲಕದಲ್ಲಿ ಇದಕ್ಕೆ ಬೇರೆ ಹೆಸರಿದೆ, ಅದನ್ನು ಯಾರೂ ಓದುವುದಿಲ್ಲ. ಬಸ್ಸಿನ ಕಂಡಕ್ಟರ್ ಕೂಡ 'ಗಂಟೆ ಬಿಚ್ಚಿದ ಸೇತುವೆ ಇಳಿಯೋರು ಬರ್ರಿ' ಎಂದೇ ಕೂಗುತ್ತಾನೆ.

ಹಿಂದೆ ಒಮ್ಮೆ ಇಲ್ಲಿ ತೊಲೆಗಳ ಮೇಲೆ ಹಲಗೆ ಹೊದಿಸಿದ ಮರದ ಸೇತುವೆಯಿತ್ತು ಎನ್ನುತ್ತಾರೆ. ಪೇಟೆಯ ಬಂಡಿಗಳು ಸಾಲಾಗಿ ಇದನ್ನು ದಾಟುತ್ತಿದ್ದವು. ಮುಂದಿನ ಎತ್ತಿನ ಕೊರಳಿಗೆ ದೊಡ್ಡ ಕಂಚಿನ ಗಂಟೆ. ಅದರ ಬಡಿತಕ್ಕೆ ಹಿಂದಿನ ಎತ್ತುಗಳೆಲ್ಲ ಹೆಜ್ಜೆ ಕೂಡಿಸಬೇಕು. ಎತ್ತು ಸತ್ತರೆ, ಇಲ್ಲವೆ ಒಡೆಯ ಸತ್ತರೆ ಮಾತ್ರ ಆ ಗಂಟೆ ಬಿಚ್ಚುವುದು. ನಡುದಾರಿಯಲ್ಲಿ ಬಿಚ್ಚಿದವನ ಮನೆಯಲ್ಲಿ ಸಾವು ತಪ್ಪದು ಎಂಬ ನಂಬಿಕೆಯಿತ್ತು.

ಅಕಾಲದ ಮಳೆಗೆ ಹಳ್ಳ ತುಂಬಿ ಹರಿಯುತ್ತಿದ್ದ ಒಂದು ದಿನ, ಬಂಡಿಸಾಲಿನ ಹಿರಿಯ ಯಮನೂರಪ್ಪ ದಿನ ತುಂಬಿದ ಮಗಳು ಶಂಕ್ರವ್ವನನ್ನು ಚೊಚ್ಚಲ ಹೆರಿಗೆಗೆ ಕರೆತರುತ್ತಿದ್ದ. ಮುಂದಿನ ಬಂಡಿಯಲ್ಲಿ ಅವನು, ಅವನ ಬೆನ್ನಿಗೆ ಅವಳು. ಹಿಂದಿನ ಬಂಡಿಯ ಸೋದರಳಿಯ ಕಲ್ಲಪ್ಪ ನಗುತ್ತ, "ಮಾವ, ನಿನ್ನ ಎತ್ತು ಕವಾಯತು ಕಲ್ತಾವೇನ?" ಎಂದನಂತೆ. ಅಷ್ಟರಲ್ಲಿ ಸಾಲೆಲ್ಲ ಸೇತುವೆಯ ಮೇಲಿತ್ತು. ನಡುಮಧ್ಯಕ್ಕೆ ಬಂದಾಗ ಹಲಗೆಗಳು ಏರಿ ಇಳಿಯತೊಡಗಿದವು. ಮೊದಲು ಮೆಲ್ಲಗೆ, ಆಮೇಲೆ ಒಂದೊಂದು ಏರೂ ಹಿಂದಿನದಕ್ಕಿಂತ ಎತ್ತರ. ಒಂದು ಹಲಗೆ ಕಿತ್ತು ನೀರಿಗೆ ಬಿತ್ತು. ಬೇಗ ದಾಟಿದರೆ ಉಳಿದೇವು ಎಂದು ಯಮನೂರಪ್ಪ ಬಾರುಕೋಲು ಬೀಸಿದ. ಗಂಟೆ ಇನ್ನೂ ಬಿರುಸಾಗಿ ಬಡಿಯಿತು, ಗೊರಸುಗಳೆಲ್ಲ ಒಟ್ಟಿಗೇ ಬಿದ್ದವು, ತೊಲೆಗಳು ಕಿರುಗುಟ್ಟಿದವು.

"ನಿಂದರಸು ಮಾವ," ಎಂದ ಕಲ್ಲಪ್ಪ. ಈಗ ಅವನ ದನಿಯಲ್ಲಿ ನಗೆಯಿರಲಿಲ್ಲ.

"ನಿಂತರ ಇಷ್ಟೂ ಭಾರ ನಡುವಿನ ತೊಲೀ ಮ್ಯಾಲೆ ಕೂಡತೈತೋ."

ಹೊಟ್ಟೆ ಹಿಡಿದು ಕೂತಿದ್ದ ಶಂಕ್ರವ್ವ ಮೆಲ್ಲಗೆ ಹೇಳಿದಳು: "ಅಪ್ಪಾ, ಗಂಟಿ ಬಡದಾಗೊಮ್ಮೆ ಹಲಗಿ ಕೆಳಗಿಂದ ಒದ್ದಂಗ ಆಗತೈತಿ. ಅದನ್ನ ಬಿಚ್ಚು."

"ಹಂಗನಬ್ಯಾಡವ್ವ. ನಿನ್ನ ಇಂಥಾ ಹೊತ್ತಿನ್ಯಾಗ ಬಿಚ್ಚಲೇನ?"

"ಬಿಚ್ಚದಿದ್ದರ ಉಳಿಯೋರು ಯಾರು?"

ಅವನು ನೊಗದವರೆಗೆ ಚಾಚಿದ ಮೂಕಿಮರದ ಮೇಲೆ ತೆವಳಿ ಎತ್ತಿನ ಕೊರಳಿನ ಪಟ್ಟಿಗೆ ಕೈಹಾಕಿದ. ನೆನೆದ ತೊಗಲು ಸಡಿಲಲಿಲ್ಲ, ಹಲ್ಲಿನಿಂದ ಎಳೆದ. "ಬರೂದಿದ್ದರ ನನಗ ಬರಲಿ," ಎಂದು ಗಂಟೆಯನ್ನು ಎದೆಗೊತ್ತಿಕೊಂಡ. ಸದ್ದು ನಿಂತಿತು. ಎತ್ತುಗಳಿಗೆ ದಿಕ್ಕು ತಪ್ಪಿದಂತಾಗಿ, ಒಂದೊಂದೂ ತನ್ನ ಪಾಡಿಗೆ ಕಾಲಿಟ್ಟಿತು. ಗೊರಸಿನ ಸಪ್ಪಳ ಚೆಲ್ಲಾಪಿಲ್ಲಿಯಾಯಿತು. ಸೇತುವೆ ಇನ್ನೊಮ್ಮೆ ಏರಿತು, ಅರೆಬರೆ ಇಳಿಯಿತು, ಬರಬರುತ್ತ ತಣಿಯಿತು. ಬಂಡಿಗಳು ದಡ ಸೇರಿದವು.

ಯಮನೂರಪ್ಪ ಮಾತ್ರ ಊರಿಗೆ ಹೋಗಲಿಲ್ಲ. ಸಾವು ಹುಡುಕಿಕೊಂಡು ಬಂದರೆ ಬಾಣಂತಿಕೋಣೆಗೆ ಹೋಗದಿರಲಿ, ಇಲ್ಲೇ ತಾನು ಸಿಗಲಿ ಎಂದು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ದಡದಲ್ಲೇ ಕೂತ. ಕೆಲವು ದಿನಗಳ ಮೇಲೆ ಕಲ್ಲಪ್ಪ ಬಂದ.

"ಹೆಣ್ಣು ಕೂಸು, ಮಾವ. ಅಳೂದು ನಿನ್ನ ಗಂಟಿಗಿಂತ ಜೋರೈತಿ. ಏಳು, ತಾಯಿ ಮಗು ಇಬ್ಬರೂ ಗಟ್ಟಿ ಅದಾರ."

ಈಗಲೂ ಎತ್ತಿನ ಬಂಡಿಯವರು ಇಲ್ಲಿ ಗಂಟೆ ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬಂದು ಇಲ್ಲಿ ಬಂದ್ ಮಾಡುತ್ತವೆ. ಮುಂದಿನದು ಆಚೆ ದಡ ಮುಟ್ಟಿದ ಮೇಲೇ ಹಿಂದಿನದು ಹತ್ತುತ್ತದೆ. ಏಕೆಂದು ಕೇಳಿದರೆ, "ಹಂಗ ನಡಕೊಂಡ ಬಂದೈತ್ರಿ" ಎನ್ನುತ್ತಾರೆ. ಮುಂದಿನ ಗಾಡಿಯಲ್ಲಿ ಬಸುರಿಯಿದ್ದರೆ, ತಡವಾದ ಬಸ್ಸೂ ಹಾರ್ನ್ ಒತ್ತದೆ ಈಚೆ ದಡದಲ್ಲೇ ಕಾಯುತ್ತದೆ.