ಟ್ರಿಪ್ಸಿನ್ ಬೇಡಿಕೊಂಡ ಕಡಿವಾಣ

ಪ್ರಯೋಗಾಲಯದ ಬಾಟಲಿಯೊಂದರ ತಳಕ್ಕೆ ಅಂಟಿಕೊಂಡು ಬದುಕುತ್ತಿದ್ದ ಜೀವಕೋಶಗಳು ಮಕ್ಕಳು ಮೊಮ್ಮಕ್ಕಳಾಗಿ ಬೆಳೆದು, ಸೂಜಿಮೊನೆ ಊರುವಷ್ಟೂ ಜಾಗ ಉಳಿಯಲಿಲ್ಲ. ಇನ್ನೆರಡು ದಿನ ಹಾಗೇ ಇದ್ದರೆ ಎಲ್ಲವೂ ಸಾಯಬೇಕು. ಆದರೂ ಹಿರಿಯ ಕೋಶ, "ಹಿಡಿದ ನೆಲ ಬಿಟ್ಟವರು ಕೆಟ್ಟರು" ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿತ್ತು.

ಒಂದು ಬೆಳಿಗ್ಗೆ ಸಂಶೋಧಕಿ ವಾರಿಜಾ ಬಾಟಲಿಯೊಳಗಿನ ಆಹಾರವನ್ನೆಲ್ಲ ತೊಳೆದು ತೆಗೆದು, ಟ್ರಿಪ್ಸಿನ್ ಸುರಿದಳು. ಕರುಳಿನಲ್ಲಿ ಮಾಂಸವನ್ನೇ ಕರಗಿಸುವ ಕಿಣ್ವ ಅದು. ಹಿರಿಯ ಕೋಶಕ್ಕೆ ಜೀವ ಬಾಯಿಗೆ ಬಂತು.

"ಪ್ರೋಟೀನ್ ಕಂಡರೆ ಬಿಡದವನು ನೀನು. ನಮ್ಮ ಮೈತುಂಬ ಪ್ರೋಟೀನೇ ಇದೆ. ನಮ್ಮನ್ನು ತಿನ್ನಲು ಬಂದೆಯಾ?"

"ತಿನ್ನುವುದು ನನ್ನ ಹುಟ್ಟುಗುಣ, ಸುಳ್ಳು ಹೇಳಲಾರೆ," ಎಂದಿತು ಟ್ರಿಪ್ಸಿನ್. "ನೀವು ನೆಲಕ್ಕೆ ಊರಿದ ಕಾಲು ಬಿಡಿಸಲು ಐದು ನಿಮಿಷ ಸಾಕು. ಅದು ಮೀರಿದರೆ ನಿಮ್ಮ ಮೈಗೇ ಬಾಯಿ ಹಾಕುತ್ತೇನೆ. ಅದಕ್ಕೇ ನನ್ನ ಕೈ ಕಟ್ಟಬಲ್ಲ ಸೀರಂ ಎಂಬ ರಕ್ತದ ತಿಳಿಯನ್ನು ಸಿದ್ಧವಾಗಿ ಹಿಡಿದುಕೊಂಡಿರು ಎಂದು ವಾರಿಜಾಳನ್ನು ಬೇಡಿಕೊಂಡೇ ಒಳಗೆ ಬಂದಿದ್ದೇನೆ."

ಹೇಳಿದಂತೆಯೇ ಕೋಶಗಳ ಹಿಡಿತ ಒಂದೊಂದಾಗಿ ಸಡಿಲಿತು. ಹಿರಿಯ ಕೋಶವೂ ದುಂಡಗಾಗಿ ತೇಲಿತು. ಐದನೆಯ ನಿಮಿಷಕ್ಕೆ ಸೀರಂ ಬಂದು, "ಸಾಕು!" ಎಂದಿತು. ಟ್ರಿಪ್ಸಿನ್ ಎದುರಾಡದೆ ಕೈ ಒಡ್ಡಿತು.

ವಾರಿಜಾ ಕೋಶಗಳನ್ನು ನಾಲ್ಕು ಹೊಸ ಬಾಟಲಿಗಳಿಗೆ ಹಂಚಿದಳು. ವಿಶಾಲವಾದ ನೆಲದಲ್ಲಿ ಕಾಲು ಚಾಚಿದ ಹಿರಿಯ ಕೋಶ ಮೊಮ್ಮಕ್ಕಳನ್ನು ಕರೆದು ಹೇಳಿತು:

"ನಮ್ಮನ್ನು ಬಿಡಿಸಿದ್ದು ಅವನ ಹಲ್ಲು. ಬದುಕಿಸಿದ್ದು ಮಾತ್ರ, ಅವನೇ ಬೇಡಿಕೊಂಡು ಹಾಕಿಸಿಕೊಂಡ ಕಡಿವಾಣ."