ಡಬ್ಬಿಯಲ್ಲಿ ಕೂರದ ಎಲೆಗಳು

"ಕೇಳಿರಪ್ಪೋ ಕೇಳಿ! ಅರಮನೆಯ ಆಟದ ಸಾಲೆಯಲ್ಲಿ ಪಿಶಾಚಿ ಕೂತಿದೆ. ಅದು ಕೇಳುವ ಮೂರು ಒಗಟು ಒಡೆದವರಿಗೆ ಅರಸರು ಒಂದು ಊರನ್ನೇ ಬರೆದುಕೊಡುತ್ತಾರೆ. ತಪ್ಪು ಹೇಳಿದವರ ಜೀವಕ್ಕೆ ಅರಮನೆ ಹೊಣೆಯಲ್ಲ!"

ಹೀಗೆಂದು ಕಲ್ಲೂರುದುರ್ಗದ ಬೀದಿಗಳಲ್ಲಿ ಡಂಗುರ ಹೊಡೆಸಿದರು. ಆ ಪಿಶಾಚಿ ಯಾರೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬದುಕಿದ್ದಾಗ ಅವನ ಹೆಸರು ದ್ಯಾವಣ್ಣ. ಗಂಜೀಫಾ ಎಲೆಗಳಿಗೆ ಕಾಗದ ಕತ್ತರಿಸುವುದು ಅವನ ಕಸುಬು. ಗಂಜೀಫಾ ಎಂದರೆ ಕೈಯಲ್ಲಿ ಚಿತ್ರ ಬರೆದ ಆಟದ ಎಲೆಗಳು. ಒಂದೊಂದೂ ನಾಲ್ಕು ಮೂಲೆಯದು, ಅಂಗೈಗಿಂತ ಚಿಕ್ಕದು; ಕಟ್ಟಿಗೆ ನೂರಿಪ್ಪತ್ತು ಎಲೆ. ನಾಲ್ಕೈದು ಹಾಳೆಗಳನ್ನು ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ಆಮೇಲೆ ಕತ್ತರಿಸುತ್ತಾರೆ. ಹಿಂದಿನ ವರ್ಷ ಅರಸ ಕೆಂಚನಾಯಕ ಅತಿಥಿಗಳಿಗೆ ತೋರಿಸಲು ಹೊಸ ಕಟ್ಟೊಂದನ್ನು ಮಾಡಿಸಿದ್ದ. ಎಲೆಗಳು ಸೊಟ್ಟಗಾಗಿ ದಂತದ ಡಬ್ಬಿಯಲ್ಲಿ ಕೂರಲಿಲ್ಲ. ಅತಿಥಿಗಳು ನಕ್ಕರು. ಅರಸ ದ್ಯಾವಣ್ಣನನ್ನು ಸೆರೆಗೆ ತಳ್ಳಿದ. ಅವನು ಅಲ್ಲೇ ಸತ್ತ.

ಅಂದಿನಿಂದ ದಿನವೂ ನಡುಹಗಲಲ್ಲಿ, ನೆರಳುಗಳು ಕಾಲಡಿ ಸೇರುವ ಹೊತ್ತಿಗೆ, ಆಟದ ಸಾಲೆಯಲ್ಲಿ ಸರ್ರ್ ಸರ್ರ್ ಎಂದು ಚೂರಿ ಎಳೆಯುವ ಸದ್ದು ಕೇಳುತ್ತಿತ್ತು.

ಮೊದಲು ಹೋದವನು ದಳವಾಯಿ. ಚಿತ್ರ ಬರೆಯದ ಎಲೆಗಳ ನಡುವೆ ಕೂತಿದ್ದ ಬೂದುಬಣ್ಣದ ಆಕೃತಿ ತಲೆಯೆತ್ತದೆ ಕೇಳಿತು: "ನಾನು ಗೀರುವುದು ಒಬ್ಬನನ್ನು, ಗಾಯವಾಗುವುದು ಅವನಡಿ ಮಲಗಿದವನಿಗೂ. ಮೈತುಂಬ ಗಾಯ, ಒಂದು ತೊಟ್ಟೂ ರಕ್ತವಿಲ್ಲ. ಅವನಿಲ್ಲದ ದಿನ ನನ್ನ ಆಯುಧವೇ ಮೊಂಡು. ಯಾರವನು?"

"ಇದೂ ಒಂದು ಒಗಟೇ? ಉಳುವ ಭೂಮಿ!" ಎಂದ ದಳವಾಯಿ.

ಚೂರಿ ನಿಂತಿತು. ದಳವಾಯಿ ನಿಂತಿದ್ದ ಜಾಗದಲ್ಲಿ ಒಂದು ಎಲೆ ಬಿದ್ದಿತ್ತು. ಅದರ ಮೇಲೆ ಅವನದೇ ಚಿತ್ರ, ಮೀಸೆಯ ಸಮೇತ. ಕಣ್ಣುಗಳು ಮಾತ್ರ ಅತ್ತಿತ್ತ ಹೊರಳುತ್ತಿದ್ದವು.

ಮರುದಿನ ಹೋದವನು ಚಿತ್ರ ಬರೆಯುವ ಮಾರಪ್ಪ. ಮೊದಲನೆಯದನ್ನು ಸುಲಭವಾಗಿ ಒಡೆದ. ಆಗ ಪಿಶಾಚಿ ಎರಡನೆಯದನ್ನು ಕೇಳಿತು: "ನೂರಿಪ್ಪತ್ತು ಅಣ್ಣತಮ್ಮಂದಿರು. ಪ್ರತಿ ತಮ್ಮನೂ ತನಗಿಂತ ಮೊದಲು ಹುಟ್ಟಿದ ಅಣ್ಣನಷ್ಟೇ ಇದ್ದಾನೆ ಎಂದು ನೋಡಿದವರೆಲ್ಲ ಒಪ್ಪಿದರು. ಆದರೂ ಕೊನೆಯ ತಮ್ಮ ಮೊದಲಣ್ಣನ ಮನೆಯಲ್ಲಿ ಹಿಡಿಸಲಿಲ್ಲ. ಯಾಕೆ?"

ಮಾರಪ್ಪನಿಗೆ ಗೊತ್ತಿದ್ದದ್ದು ಬಣ್ಣ. "ಕೊನೆಯವನಿಗೆ ಬಣ್ಣ ದಪ್ಪವಾಗಿ ಬಳಿದಿದ್ದಾರೆ," ಎಂದ. ಅವನೂ ಎಲೆಯಾದ.

ಸುದ್ದಿ ತಿಳಿದು ಅವನ ತಮ್ಮ ದುಗ್ಗಪ್ಪ ಓಡಿಬಂದ. ಅಣ್ಣನ ಚಿತ್ರಗಳಿಗೆ ಕಾಗದ ಕತ್ತರಿಸಿಕೊಡುವವನು ಅವನೇ. ಅರಸನ ಮುಂದೆ ಕೈಮುಗಿದು ನಿಂತ.

"ನನಗೆ ಊರು ಬೇಡ ಬುದ್ಧಿ. ಅಣ್ಣ ಸಿಕ್ಕರೆ ಸಾಕು."

"ಕಾಗದ ಹರಿಯುವವನು ಒಗಟು ಒಡೀತಾನಂತೆ," ಎಂದು ಮಂತ್ರಿ ನಕ್ಕ. ಬೇರೆ ಯಾರೂ ನಗಲಿಲ್ಲ.

ನಡುಹಗಲಾಯಿತು. ದುಗ್ಗಪ್ಪನ ಹಿಂದೆ ಅರಸನೂ ಮಂತ್ರಿಯೂ ಸಾಲೆಗೆ ಬಂದರು. ಪಿಶಾಚಿ ಮೊದಲ ಒಗಟು ಕೇಳಿತು.

"ಹಲಗೆ ಕಣ್ ಮಾವಾ," ಎಂದ ದುಗ್ಗಪ್ಪ. ಕಸುಬಿನ ಹಿರಿಯರನ್ನು ಅವರು ಕರೆಯುವುದೇ ಹಾಗೆ. "ಕಾಗದದ ಅಡಿಗಿಡುವ ಮರದ ಹಲಗೆ. ಅದಿಲ್ಲದೆ ಕಲ್ಲಿನ ಮೇಲೆ ಎಳೆದರೆ ಚೂರಿ ಮೊಂಡಾಗುತ್ತೆ."

ಆಕೃತಿ ಮೊದಲ ಬಾರಿ ತಲೆಯೆತ್ತಿತು. ಮುಖವಿರಬೇಕಾದಲ್ಲಿ ಖಾಲಿ ಕಾಗದವಿತ್ತು. ಎರಡನೆಯ ಒಗಟು ಬಂತು.

"ಒಂದೇ ತಗಡಿನ ಅಳತೆ ಇಟ್ಟು ನೂರಿಪ್ಪತ್ತನ್ನೂ ಕತ್ತರಿಸಬೇಕು," ಎಂದ ದುಗ್ಗಪ್ಪ. "ಅದು ಬಿಟ್ಟು, ಈಗಷ್ಟೇ ಕತ್ತರಿಸಿದ ಎಲೆಯನ್ನೇ ಇಟ್ಟು ಮುಂದಿನದಕ್ಕೆ ಗೆರೆ ಎಳೆದರೆ, ಪ್ರತಿ ಸಲ ಕೂದಲೆಳೆಯಷ್ಟು ಬೆಳೆಯುತ್ತೆ. ಪಕ್ಕಪಕ್ಕದ ಎರಡರಲ್ಲಿ ಕಾಣಲ್ಲ. ಕೊನೆಯದು ಡಬ್ಬಿಗೆ ಹಿಡಿಸಲ್ಲ. ಕಲಿಯುವಾಗ ನಾನೂ ಹಾಗೆ ಮಾಡಿ ಬೈಸಿಕೊಂಡಿದ್ದೆ."

"ಮೂರನೆಯದು," ಎಂದಿತು ಪಿಶಾಚಿ. ಸಾಲೆ ತಣ್ಣಗಾಯಿತು. "ಬೆಳಿಗ್ಗೆ ನೇರವಾಗಿ ಕತ್ತರಿಸಿದೆ. ಸಂಜೆಗೆ ಸೊಟ್ಟ. ಯಾರೂ ಒಳಗೆ ಬರಲಿಲ್ಲ, ಒಬ್ಬ ಮಾತ್ರ ಹೊರಗೆ ಹೋದ. ಹೋದವನು ಯಾರು? ಅವನು ಹೋಗುವ ಮುಂಚೆಯೇ ನನ್ನ ಕೈಗೆ ಚೂರಿ ಕೊಡಿಸಿದವನು ಯಾರು?"

ದುಗ್ಗಪ್ಪನಿಗೆ ಉತ್ತರ ಹೊಳೆಯಿತು. ಅದನ್ನು ಅರಸನೆದುರೇ ಹೇಳಬೇಕಿತ್ತು. ಮಂತ್ರಿ ಬಗ್ಗಿ ಅವನ ಕಿವಿಯಲ್ಲಿ, "ಕತ್ತರಿಸಿದವನ ಕೈಯೇ ತಪ್ಪು ಅಂದುಬಿಡೋ, ಅರಸರ ಕತ್ತಿಯಿಂದಾದರೂ ಉಳಿದುಕೊಳ್ತೀಯ," ಎಂದ. ನೆಲದ ಮೇಲಿನ ಎಲೆಯಿಂದ ಮಾರಪ್ಪನ ಕಣ್ಣುಗಳು ತಮ್ಮನನ್ನೇ ನೋಡುತ್ತಿದ್ದವು.

"ಹೋದವನು ನೀರು," ಎಂದ ದುಗ್ಗಪ್ಪ. "ಅಂಟಿನೊಳಗಿದ್ದ ನೀರು. ಹಸಿ ಹಾಳೆಯನ್ನು ಎಷ್ಟೇ ನೇರವಾಗಿ ಕತ್ತರಿಸಿದರೂ, ನೀರಾರಿದ ಮೇಲೆ ಒಂದು ಕಡೆ ಕುಗ್ಗಿ ಸೊಟ್ಟಗಾಗುತ್ತೆ. ಒಣಗೋಕೆ ನಾಲ್ಕು ದಿನ ಬೇಕು ಅಂತ ದ್ಯಾವಣ್ಣಮಾವ ಹೇಳಿರಲೇಬೇಕು. ಇವತ್ತೇ ಆಗಬೇಕು ಅಂದವರು..." ಅವನು ಅರಸನತ್ತ ತಿರುಗಿದ. "ತಾವು, ಬುದ್ಧಿ."

ಅರಸನ ಕೈ ಕತ್ತಿಯ ಹಿಡಿಯ ಮೇಲೆ ಹೋಯಿತು. ಖಾಲಿ ಕಾಗದದ ಮುಖ ನಿಧಾನವಾಗಿ ಅವನ ಕಡೆ ಹೊರಳಿತು. ಕೊನೆಗೆ ಕೆಂಚನಾಯಕ ಕೈ ಕೆಳಗಿಳಿಸಿದ.

"ಹೌದು. ನಾಲ್ಕು ದಿನ ಕೇಳಿದ್ದ. ನಾನು ಕೊಡಲಿಲ್ಲ. ತಪ್ಪು ನನ್ನದು, ದ್ಯಾವಣ್ಣ."

ಪಿಶಾಚಿ ಚೂರಿಯನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಿತು. ಕಾಗದದ ಮೇಲೆ ಒಬ್ಬ ಮುದುಕನ ದಣಿದ ಮುಖ ಒಂದು ಕ್ಷಣ ಮೂಡಿ ಅಳಿಸಿಹೋಯಿತು. ಎಲೆಗಳಾಗಿದ್ದವರು ಎದ್ದು ನಿಂತರು.

ಅರಸ ಮಾತಿನಂತೆ ಊರು ಬರೆದುಕೊಟ್ಟ. ದುಗ್ಗಪ್ಪ ಇನ್ನೊಂದನ್ನೂ ಕೇಳಿ ಪಡೆದ: ಕಾಗದ ಒಣಗಿತೆಂದು ಹೇಳುವ ಅಧಿಕಾರ ಇನ್ನು ಮೇಲೆ ಕತ್ತರಿಸುವವನದೇ, ಅರಸರದಲ್ಲ.

ಮನೆಗೆ ಹೋಗುವಾಗ ಅವನು ಮೆಲ್ಲಗೆ ಕೇಳಿದ: "ಒಳಗೆ ಹೇಗಿತ್ತಣ್ಣಾ?"

ಮಾರಪ್ಪ ತಮ್ಮನ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

"ತುಂಬ ತೆಳ್ಳಗಿತ್ತು ಕಣೋ."

ಬಿಸಿಲು ಇಳಿದು ನೆರಳುಗಳು ಉದ್ದವಾದವು. ದುಗ್ಗಪ್ಪನ ನೆರಳಿಗೆ ತಲೆ, ಕೈ, ಕಾಲು ಎಲ್ಲ ಇದ್ದವು. ಅವನ ಪಕ್ಕದಲ್ಲಿ ಅಣ್ಣನ ನೆರಳು ನಾಲ್ಕು ಮೂಲೆಯದಾಗಿ, ಅಂಚುಗಳು ಕೂದಲೆಳೆಯಷ್ಟೂ ತಪ್ಪದೆ, ನೇರವಾಗಿ ಬಿದ್ದಿತ್ತು.